ಕ್ಲೌಡ್‌ನಲ್ಲಿ ಹೊಸ ತಲೆಮಾರಿನ ಯಂತ್ರ: ಬದಲಾಯಿಸಬೇಕೇ, ಬೇಡವೇ?

(ಮಹಿಳಾ ವಿಭಾಗದ ‘ನನ್ನ ಉದ್ಯೋಗ, ನನ್ನ ಮಾತು’ ಮಾಲಿಕೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ಮಾಲಿಕೆಯಲ್ಲಿ ಇದುವರೆಗೆ ಮಾತಾಡಿದವರ ಕೆಲಸ ಕಣ್ಣಿಗೆ ಕಾಣುವಂಥದ್ದು. ಶಾಲೆ, ಬ್ಯಾಂಕು, ಹೊಲಿಗೆ, ಅಡುಗೆಯ ಕೇಟರಿಂಗ್. ನನ್ನದು ಕಣ್ಣಿಗೆ ಕಾಣದ ಕೆಲಸ. “ನೀನು ಕಂಪ್ಯೂಟರಿನಲ್ಲಿ ಏನು ಮಾಡ್ತೀಯಮ್ಮಾ?” ಎಂದು ಅತ್ತೆಯವರು ಕೇಳಿದಾಗಲೆಲ್ಲ “ಸರ್ವರ್ ನೋಡಿಕೊಳ್ತೀನಿ ಅತ್ತೆ” ಎಂದಷ್ಟೇ ಹೇಳಿ ಮುಗಿಸುತ್ತಿದ್ದೆ. ಇವತ್ತು ಪೂರ್ತಿ ಹೇಳುತ್ತೇನೆ. ಕಳೆದ ವರ್ಷ ನಮ್ಮ ಪುಣೆಯ ಆಫೀಸಿನಲ್ಲಿ ನನ್ನ ಮುಂದೆ ಬಂದ ಒಂದು ಪ್ರಶ್ನೆಯನ್ನೇ ಹಿಡಿದು ಹೇಳುತ್ತೇನೆ. ಪ್ರಶ್ನೆ ತಾಂತ್ರಿಕವೇ ಹೌದು. ಆದರೆ ಅದನ್ನು ಬಗೆಹರಿಸುವ ರೀತಿ ನಮಗೆಲ್ಲ ಗೊತ್ತಿರುವಂಥದ್ದೇ.

ಮೊದಲು ಕ್ಲೌಡ್ ಎಂದರೇನು? ನಮ್ಮ ಸಾಫ್ಟ್‌ವೇರ್ ನಡೆಯುವ ಕಂಪ್ಯೂಟರನ್ನು ನಾವೇ ಕೊಂಡು ಆಫೀಸಿನಲ್ಲಿ ಇಡದೆ ಬಾಡಿಗೆಗೆ ಹಿಡಿಯುವುದು. ಅಮೆಜಾನ್, ಮೈಕ್ರೋಸಾಫ್ಟ್, ಗೂಗಲ್ ಮುಂತಾದ ಕಂಪನಿಗಳು ದೊಡ್ಡ ಕಟ್ಟಡಗಳಲ್ಲಿ ಸಾವಿರಾರು ಯಂತ್ರಗಳನ್ನು ಇಟ್ಟಿವೆ. ಒಂದೊಂದು ದೊಡ್ಡ ಯಂತ್ರವನ್ನೂ ತಂತ್ರಾಂಶದ ಮೂಲಕ ಹಲವು ಪಾಲು ಮಾಡುತ್ತಾರೆ. ಆ ಒಂದು ಪಾಲಿಗೆ ವರ್ಚುವಲ್ ಮಷೀನ್ ಎಂದು ಹೆಸರು. ನೀವು ಬಾಡಿಗೆ ಕೊಡುವುದು ಆ ಪಾಲಿಗೆ. ದೊಡ್ಡ ಕಟ್ಟಡದಲ್ಲಿ ಒಂದು ಫ್ಲ್ಯಾಟ್ ಬಾಡಿಗೆಗೆ ಹಿಡಿದ ಹಾಗೆ. ಈ ಕಟ್ಟಡಗಳು ದೂರದ ದೇಶದಲ್ಲೇ ಇರಬೇಕೆಂದಿಲ್ಲ. ಮೈಕ್ರೋಸಾಫ್ಟ್ 2015ರಲ್ಲಿ ಪುಣೆ, ಮುಂಬೈ, ಚೆನ್ನೈಗಳಲ್ಲಿ ತೆರೆಯಿತು. ಅಮೆಜಾನ್ 2016ರಲ್ಲಿ ಮುಂಬೈಯಲ್ಲಿ, 2022ರಲ್ಲಿ ಹೈದರಾಬಾದಿನಲ್ಲಿ ತೆರೆಯಿತು. ಗೂಗಲ್ 2017ರಲ್ಲಿ ಮುಂಬೈಗೆ, 2021ರಲ್ಲಿ ದೆಹಲಿಗೆ ಬಂತು.

ಕಟ್ಟಡದ ಒಳಗಿನ ಯಂತ್ರಗಳಿಗೂ ವಯಸ್ಸಾಗುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಹೊಸ ಪ್ರೊಸೆಸರಿನ ಯಂತ್ರಗಳು ಬರುತ್ತವೆ. ಅದಕ್ಕೆ ಹೊಸ ತಲೆಮಾರು ಎನ್ನುತ್ತೇವೆ. ಹೆಸರಿನಲ್ಲೇ ಅದು ಗೊತ್ತಾಗುತ್ತದೆ. ಅಮೆಜಾನ್‌ನಲ್ಲಿ ಎಂ4, ಎಂ5, ಎಂ6, ಎಂ7 ಎಂದು ಹೋಗುತ್ತದೆ; ಅಕ್ಷರ ಮನೆತನದ್ದು, ಅಂಕೆ ತಲೆಮಾರಿನದು. ಮೈಕ್ರೋಸಾಫ್ಟ್‌ನ ಅಜ್ಯೂರ್‌ನಲ್ಲಿ ಹೆಸರಿನ ಕೊನೆಗೆ ವಿ3, ವಿ5, ವಿ6 ಎಂದು ಬರುತ್ತದೆ. ಗೂಗಲ್‌ನಲ್ಲಿ ಎನ್1, ಎನ್2, ಎನ್4. ಅಮೆಜಾನ್ 2006ರಲ್ಲಿ ಈ ಸೇವೆ ಶುರುಮಾಡಿದಾಗ ಗಂಟೆಗೆ 10 ಸೆಂಟ್‌ಗೆ ಸಿಗುತ್ತಿದ್ದುದು ಸುಮಾರು 1.7 ಜಿಬಿ ಮೆಮೊರಿಯ ಒಂದು ಸಣ್ಣ ಯಂತ್ರ. ಎಂ5 ತಲೆಮಾರಿನ ಹೊತ್ತಿಗೆ 9.6 ಸೆಂಟ್‌ಗೆ 8 ಜಿಬಿ ಮೆಮೊರಿ, ಎರಡು ವರ್ಚುವಲ್ ಪ್ರೊಸೆಸರ್ ಸಿಗುವಂತಾಯಿತು. ಹೀಗೆ ಬಾಡಿಗೆ ಏರದೆ ಮನೆ ದೊಡ್ಡದಾಗುವುದು ಈ ಒಂದು ಲೋಕದಲ್ಲಿ ಮಾತ್ರ ಇರಬೇಕು!

ಇನ್ನು ನಮ್ಮ ಕಥೆ. ನಾನಿರುವುದು ಒಂದು ಸಣ್ಣ ಕಂಪನಿ. ರಕ್ತಪರೀಕ್ಷೆಯ ಲ್ಯಾಬುಗಳಿಗೆ ಸಾಫ್ಟ್‌ವೇರ್ ಕೊಡುತ್ತೇವೆ. ಬೆಳಿಗ್ಗೆ ಏಳಕ್ಕೆ ಖಾಲಿ ಹೊಟ್ಟೆಯಲ್ಲಿ ಬಂದವರ ರಕ್ತ ತೆಗೆಯುತ್ತಾರೆ, ಲ್ಯಾಬಿನ ಯಂತ್ರದ ಅಂಕಿಗಳು ನಮ್ಮ ಸರ್ವರಿಗೆ ಬರುತ್ತವೆ, ನಾವು ವರದಿ ತಯಾರಿಸಿ ಡಾಕ್ಟರ ಮೊಬೈಲಿಗೂ ರೋಗಿಯ ಮೊಬೈಲಿಗೂ ಕಳಿಸುತ್ತೇವೆ. ಮಳೆಗಾಲ ಶುರುವಾಗಿ ದೀಪಾವಳಿ ಮುಗಿಯುವವರೆಗೆ ಡೆಂಗೆಯ ಕಾಲ. ಪ್ಲೇಟ್‌ಲೆಟ್ ಎಷ್ಟಿದೆ ಎಂಬ ಒಂದು ಅಂಕೆಗಾಗಿ ಆಸ್ಪತ್ರೆಯಲ್ಲಿ ಮನೆಮಂದಿ ಮೊಬೈಲ್ ಹಿಡಿದುಕೊಂಡೇ ಕುಳಿತಿರುತ್ತಾರೆ. ಆ ದಿನಗಳಲ್ಲಿ ನಮ್ಮ ವರದಿ ತಡವಾಗತೊಡಗಿತು. ಬೆಳಿಗ್ಗೆ ಕೆಲವೇ ಸೆಕೆಂಡುಗಳಲ್ಲಿ ಆಗುತ್ತಿದ್ದ ಕೆಲಸ ಮಧ್ಯಾಹ್ನ ಒಂದರ ಹೊತ್ತಿಗೆ ಒಂದು ನಿಮಿಷ ದಾಟುತ್ತಿತ್ತು. ಲ್ಯಾಬುಗಳಿಂದ ಫೋನಿನ ಮೇಲೆ ಫೋನ್.

ನಮ್ಮ ಒಂಬತ್ತು ಯಂತ್ರಗಳೂ ಹಳೆಯವು. ಹೆಚ್ಚಿನವು ಎಂ4. ಮೀಟಿಂಗಿನಲ್ಲಿ ಯಜಮಾನರು ಹೇಳಿದ್ದು ಇಷ್ಟು: “ಮೇಡಂ, ಎಲ್ಲವನ್ನೂ ಹೊಸ ತಲೆಮಾರಿಗೆ ಬದಲಾಯಿಸಿಬಿಡಿ. ವೇಗವೂ ಹೆಚ್ಚುತ್ತೆ, ಬಿಲ್ಲೂ ಇಳಿಯುತ್ತೆ ಅಂತಾರಲ್ಲ. ಬಿಲ್ ಇಳಿಯದಿದ್ದರೆ ಮುಂದಿನ ವರ್ಷ ನಿಮ್ಮ ಟೀಮಿನಲ್ಲಿ ಮೂವರನ್ನು ಇಟ್ಟುಕೊಳ್ಳೋದು ಕಷ್ಟ.” ಮೂವರಲ್ಲಿ ಕಿರಿಯಳು ಕಾಂಟ್ರ್ಯಾಕ್ಟಿನ ಮೇಲಿರುವ ಹುಡುಗಿ. ಸಾತಾರಾ ಕಡೆಯವಳು. ನನ್ನನ್ನು ‘ತಾಯಿ’ ಎನ್ನುತ್ತಾಳೆ. ಮರಾಠಿಯಲ್ಲಿ ಹಾಗೆಂದರೆ ಅಕ್ಕ ಎಂದು ನಿಮಗೆಲ್ಲ ಗೊತ್ತು. ಅವಳು ತಲೆ ತಗ್ಗಿಸಿ ಕುಳಿತಿದ್ದಳು.

ನಾನು ಹೇಳಿದೆ: “ಸರ್, ಬದಲಾಯಿಸೋಣ. ಆದರೆ ಯಾವುದನ್ನು, ಯಾಕೆ, ಯಾವಾಗ ಅಂತ ನೋಡಲು ಮೂರು ವಾರ ಕೊಡಿ.” ಅವರಿಗೆ ಅಷ್ಟು ಇಷ್ಟವಾಗಲಿಲ್ಲ, ಆದರೂ ಕೊಟ್ಟರು. ಆ ಮೂರು ವಾರದಲ್ಲಿ ನಾವು ಐದು ಪ್ರಶ್ನೆಗಳಿಗೆ ಉತ್ತರ ಹುಡುಕಿದೆವು. ಇಂದು ಹಂಚಿಕೊಳ್ಳಬೇಕೆಂದಿರುವುದು ಆ ಪ್ರಶ್ನೆಗಳನ್ನೇ.

ಮೊದಲನೆಯದು, ನಿಧಾನಕ್ಕೆ ಕಾರಣ ಯಂತ್ರವೇ?

ಜ್ವರ ಬಂದಿದೆ ಎಂದರೆ ಡಾಕ್ಟರು ಮೊದಲು ಪರೀಕ್ಷೆ ಮಾಡಿಸುತ್ತಾರೆ, ಆಮೇಲೆ ಔಷಧಿ. ನಮ್ಮ ಹುಡುಗಿಗೆ ಎರಡು ವಾರದ ಗ್ರಾಫ್‌ಗಳನ್ನು ತೆಗೆಯಲು ಹೇಳಿದೆ. ಪ್ರೊಸೆಸರ್, ಮೆಮೊರಿ, ಡಿಸ್ಕ್, ನೆಟ್‌ವರ್ಕ್ ನಾಲ್ಕೂ ಬೇರೆ ಬೇರೆ. ಮೂರನೇ ದಿನ ಅವಳೇ ಬಂದು, “ತಾಯಿ, ಡೇಟಾಬೇಸಿನ ಪ್ರೊಸೆಸರ್ ಮುಕ್ಕಾಲು ಪಾಲು ಸುಮ್ಮನೆ ಕೂತಿದೆ. ಮಧ್ಯಾಹ್ನ ಸುಸ್ತಾಗ್ತಿರೋದು ಡಿಸ್ಕ್” ಎಂದಳು.

ಅವಳು ಹೇಳಿದ್ದು ಸರಿ. ನಮ್ಮ ಡಿಸ್ಕ್ ಜಿಪಿ2 ಎಂಬ ಹಳೆಯ ಬಗೆಯದು. ಅದರ ನಿಯಮ ಹೀಗೆ: ಪ್ರತಿ ಜಿಬಿಗೆ ಸೆಕೆಂಡಿಗೆ 3 ಓದು ಬರಹ. ನಮ್ಮದು 200 ಜಿಬಿ, ಅಂದರೆ 600. ಅವಸರವಿದ್ದಾಗ 3,000ದವರೆಗೆ ಓಡಬಹುದು, ಆದರೆ ಕೂಡಿಟ್ಟ ಜಮೆ ಇರುವ ತನಕ ಮಾತ್ರ. ರಾತ್ರಿಯೆಲ್ಲ ಕೂಡಿದ ಜಮೆ ಬೆಳಗಿನ ಗದ್ದಲದಲ್ಲಿ ಖರ್ಚಾಗಿ ಮಧ್ಯಾಹ್ನಕ್ಕೆ ಖಾಲಿ. ಇದು ಯಾರ ದೋಷವೂ ಅಲ್ಲ, ಬರೆದಿಟ್ಟ ನಿಯಮ. 2020ರ ಡಿಸೆಂಬರಿನಲ್ಲಿ ಬಂದ ಜಿಪಿ3 ಡಿಸ್ಕಿನಲ್ಲಿ ಗಾತ್ರ ಎಷ್ಟೇ ಇರಲಿ, 3,000 ಯಾವಾಗಲೂ ಸಿಗುತ್ತದೆ. ಬೆಲೆಯೂ ಕಡಿಮೆ, ವರ್ಜೀನಿಯಾದ ದರಪಟ್ಟಿಯಲ್ಲಿ ಜಿಬಿಗೆ ತಿಂಗಳಿಗೆ 10 ಸೆಂಟ್ ಇದ್ದದ್ದು 8 ಸೆಂಟ್. ಬದಲಾಯಿಸಲು ಯಂತ್ರ ನಿಲ್ಲಿಸಬೇಕಿಲ್ಲ. ಒಂದು ಭಾನುವಾರ ರಾತ್ರಿ ಬ್ಯಾಕಪ್ ತೆಗೆದು ಬದಲಾಯಿಸಿದೆವು. ಸೋಮವಾರ ಮಧ್ಯಾಹ್ನ ಒಂದು ಗಂಟೆಗೆ ಫೋನ್ ಬರಲಿಲ್ಲ.

ಅಂದರೆ ಹೊಸ ತಲೆಮಾರಿನ ಯಂತ್ರವನ್ನು ಅವಸರದಿಂದ ತಂದಿದ್ದರೆ, ಅದೇ ಹಳೆಯ ಡಿಸ್ಕನ್ನು ಅದಕ್ಕೆ ಜೋಡಿಸಿ, ಮಧ್ಯಾಹ್ನ ಅದೇ ಫೋನುಗಳನ್ನು ಎತ್ತುತ್ತಿದ್ದೆವು. ಕೇಳಿದ ಪ್ರಶ್ನೆ ಯಂತ್ರದ್ದು, ಉತ್ತರ ಇದ್ದದ್ದು ಡಿಸ್ಕಿನಲ್ಲಿ.

ಎರಡನೆಯದು, ಹೊಸದು ನಿಜಕ್ಕೂ ಅಗ್ಗವೇ?

ತುರ್ತು ಕಳೆದ ಮೇಲೆ ಬಿಲ್ಲಿನ ಮಾತಿಗೆ ಬಂದೆವು. ಹೊಸದೆಲ್ಲ ಅಗ್ಗ ಎಂಬುದು ಅರ್ಧ ಸತ್ಯ. ವರ್ಜೀನಿಯಾದ ಪಟ್ಟಿಯಲ್ಲೇ ನೋಡಿ, ‘ಲಾರ್ಜ್’ ಗಾತ್ರಕ್ಕೆ ಗಂಟೆಗೆ ಎಂ4 10 ಸೆಂಟ್, ಎಂ5 9.6, ಇಂಟೆಲ್‌ನ ಎಂ6ಐ ಕೂಡ 9.6, ಆದರೆ ಎಂ7ಐ 10.08. ಅಂದರೆ ಇಂಟೆಲ್‌ನ ಏಳನೇ ತಲೆಮಾರು ಐದನೆಯದಕ್ಕಿಂತ ಶೇಕಡಾ 5 ದುಬಾರಿ. ಕೆಲಸ ಹೆಚ್ಚು ಮಾಡುತ್ತದೆ ನಿಜ, ಆದರೆ ನಿಮಗೆ ಆ ಹೆಚ್ಚಿನ ಕೆಲಸ ಬೇಕಿದ್ದರೆ ಮಾತ್ರ ಲಾಭ. ನಾಲ್ಕು ಯಂತ್ರ ಮಾಡುತ್ತಿದ್ದುದನ್ನು ಮೂರು ಮಾಡಿದರೆ ಉಳಿತಾಯ. ನಾಲ್ಕನ್ನೂ ಹಾಗೇ ಇಟ್ಟರೆ ಖರ್ಚು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದಾರೆ. ಕ್ಲೌಡ್‌ನಲ್ಲಿ ಅದರ ಜೊತೆಗೆ, ಕಾಲು ಇದ್ದಷ್ಟೇ ಹಾಸಿಗೆ ಹಿಡಿ ಎಂದೂ ಹೇಳಬೇಕು.

ಇನ್ನೊಂದು ದಾರಿ ಆರ್ಮ್ ಬಗೆಯ ಪ್ರೊಸೆಸರ್. ನಿಮ್ಮ ಮೊಬೈಲಿನಲ್ಲಿರುವುದು ಇದೇ ಜಾತಿ. ಅಮೆಜಾನ್ 2018ರಲ್ಲಿ ಗ್ರಾವಿಟಾನ್ ಎಂಬ ಹೆಸರಿನಲ್ಲಿ ತನ್ನದೇ ಆರ್ಮ್ ಪ್ರೊಸೆಸರ್ ತಂದಿತು. ಅದರ ಮೂರನೇ ಆವೃತ್ತಿ ಇರುವ ಎಂ7ಜಿ ಅದೇ ಪಟ್ಟಿಯಲ್ಲಿ 8.16 ಸೆಂಟ್. ಎಂ7ಐಗಿಂತ ಶೇಕಡಾ 19ರಷ್ಟು ಕಡಿಮೆ. ಇನ್ನೊಂದು ವ್ಯತ್ಯಾಸವೂ ಇದೆ. ಇಂಟೆಲ್ ಯಂತ್ರದಲ್ಲಿ ಒಂದು ವರ್ಚುವಲ್ ಪ್ರೊಸೆಸರ್ ಎಂದರೆ ನಿಜವಾದ ಕೋರಿನ ಒಂದು ಎಳೆ, ಎರಡು ಎಳೆಗೆ ಒಂದು ಕೋರ್. ಗ್ರಾವಿಟಾನ್‌ನಲ್ಲಿ ಒಂದು ಎಂದರೆ ಪೂರ್ತಿ ಒಂದು ಕೋರ್. ಹೆಸರು ಒಂದೇ, ಅಳತೆ ಬೇರೆ. ಅಂಗಡಿಯಲ್ಲಿ ಪೊಟ್ಟಣ ನೋಡದೆ ತೂಕ ನೋಡುವ ಹಾಗೆ ಇಲ್ಲೂ ನೋಡಬೇಕು.

ಮೂರನೆಯದು, ನಮ್ಮ ಸಾಫ್ಟ್‌ವೇರ್ ಅದರ ಮೇಲೆ ನಡೆಯುತ್ತದೆಯೇ?

ಇಂಟೆಲ್‌ಗಾಗಿ ಸಿದ್ಧವಾದ ಪ್ರೋಗ್ರಾಂ ಆರ್ಮ್ ಮೇಲೆ ಹಾಗೇ ನಡೆಯುವುದಿಲ್ಲ. ಜಾವಾ, ಪೈಥಾನ್‌ಗಳಲ್ಲಿ ಬರೆದದ್ದು ಹೆಚ್ಚಿನ ಮಟ್ಟಿಗೆ ನಡೆಯುತ್ತದೆ, ಆದರೆ ಅವುಗಳ ಹೊಟ್ಟೆಯೊಳಗೆ ಕುಳಿತ ಸಣ್ಣ ಸಣ್ಣ ಲೈಬ್ರರಿಗಳನ್ನು ಒಂದೊಂದಾಗಿ ನೋಡಬೇಕು. ನಮ್ಮ ವರದಿ ತಯಾರಿಸುವ ಪ್ರೋಗ್ರಾಂ ಜಾವಾದ್ದು. ಬೇರೆಲ್ಲ ನಡೆಯಿತು, ಬಾರ್‌ಕೋಡ್ ಮುದ್ರಿಸುವ ಒಂದು ಲೈಬ್ರರಿಗೆ ಆರ್ಮ್ ಆವೃತ್ತಿಯೇ ಇರಲಿಲ್ಲ. ಅದರ ಬದಲಿಗೆ ಇನ್ನೊಂದನ್ನು ಹಾಕಿದೆವು. ರೋಗಿಗಳ ಹೆಸರು ದೇವನಾಗರಿಯಲ್ಲೂ ಮುದ್ರಣವಾಗುವುದರಿಂದ ಒತ್ತಕ್ಷರ, ಮಾತ್ರೆ ಎಲ್ಲ ಸರಿಯಾಗಿ ಕೂರುತ್ತವೆಯೇ ಎಂದು ಹಳೆಯ ವರದಿಯ ಪಕ್ಕ ಹೊಸದನ್ನಿಟ್ಟು ನೋಡಿದೆವು. ಲ್ಯಾಬ್ ವರದಿಯಲ್ಲಿ ಒಂದು ಅಕ್ಷರ ತಪ್ಪಿದರೂ, ಒಂದು ಅಂಕೆ ತಪ್ಪಿದರೂ ಅದು ಸಣ್ಣ ವಿಷಯವಲ್ಲ.

ವಿಂಡೋಸ್ ಸರ್ವರ್ ಗ್ರಾವಿಟಾನ್ ಮೇಲೆ ನಡೆಯುವುದಿಲ್ಲ. ನಮ್ಮಲ್ಲಿ ಹಳೆಯ ಲ್ಯಾಬ್ ಯಂತ್ರಗಳ ಜೊತೆ ಮಾತಾಡುವ ಒಂದು ವಿಂಡೋಸ್ ಸರ್ವರ್ ಇದೆ. ಅದು ಪಟ್ಟಿಯಿಂದ ಆಗಲೇ ಹೊರಗೆ.

ಇಂಟೆಲ್‌ನಿಂದ ಇಂಟೆಲ್‌ಗೇ ಹೋಗುವಾಗಲೂ ಕಲ್ಲುಮುಳ್ಳು ಇಲ್ಲದಿಲ್ಲ. ಅಮೆಜಾನ್‌ನಲ್ಲಿ ಎಂ4 ಮತ್ತು ಎಂ5ರ ನಡುವೆ ಒಳಗಿನ ವ್ಯವಸ್ಥೆಯೇ ಬದಲಾಗಿದೆ. ನೈಟ್ರೋ ಎಂಬ ಆ ಹೊಸ ವ್ಯವಸ್ಥೆಯಲ್ಲಿ ಡಿಸ್ಕಿನ ಹೆಸರು ಬೇರೆಯಾಗುತ್ತದೆ. ನೆಟ್‌ವರ್ಕಿಗೂ ಡಿಸ್ಕಿಗೂ ಹೊಸ ಡ್ರೈವರ್ ಬೇಕಾಗುತ್ತದೆ. ಲಿನಕ್ಸಿನ ಸೆಟ್ಟಿಂಗಿನಲ್ಲಿ ಡಿಸ್ಕನ್ನು ಹಳೆಯ ಹೆಸರಿನಿಂದ ಬರೆದಿಟ್ಟಿದ್ದರೆ ಯಂತ್ರ ಎದ್ದೇಳದೇ ಹೋಗಬಹುದು. ಹೆಸರಿನ ಬದಲು ಡಿಸ್ಕಿನ ಶಾಶ್ವತ ಗುರುತುಸಂಖ್ಯೆ ಬರೆದಿರಬೇಕು. ನಮ್ಮ ನಕಲು ಯಂತ್ರದ ಮೇಲೆ ಪ್ರಯೋಗ ಮಾಡಿದಾಗ ಇದು ಸಿಕ್ಕಿತು. ಪ್ರಯೋಗ ಮಾಡುವುದೇ ಅದಕ್ಕಾಗಿ. ಅಜ್ಯೂರ್‌ನ ವಿ6 ಯಂತ್ರಗಳಿಗೂ ಇಂಥದೇ ಹೊಸ ಬಗೆಯ ಡಿಸ್ಕ್ ಸಂಪರ್ಕ ಬೇಕು. ಹಳೆಯ ವಿ3ರಿಂದ ನೇರ ಜಿಗಿಯುವವರು ಅದನ್ನು ಮೊದಲೇ ನೋಡಿಕೊಳ್ಳಬೇಕು.

ನಾಲ್ಕನೆಯದು, ಹಳೆಯ ಕರಾರು ಏನು ಹೇಳುತ್ತದೆ?

ಮಹಾರಾಷ್ಟ್ರದಲ್ಲಿ ಬಾಡಿಗೆಗೆ ಇದ್ದವರಿಗೆಲ್ಲ ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ಗೊತ್ತು. ಕ್ಲೌಡ್‌ನಲ್ಲೂ ಒಂದು ಅಥವಾ ಮೂರು ವರ್ಷಕ್ಕೆ ಮಾತು ಕೊಟ್ಟರೆ ಬಾಡಿಗೆ ತುಂಬಾ ಇಳಿಯುತ್ತದೆ. ಆದರೆ ಕೆಲವು ಕರಾರುಗಳು ಒಂದೇ ಮನೆತನಕ್ಕೆ ಅಂಟಿಕೊಂಡಿರುತ್ತವೆ. ಎಂ4ಗೆ ಕೊಟ್ಟ ಮಾತು ಎಂ7ಗೆ ನಡೆಯುವುದಿಲ್ಲ. ನಮ್ಮ ಕಾಗದ ತೆಗೆದು ನೋಡಿದರೆ ಒಂದು ವರ್ಷದ ಕರಾರಿನಲ್ಲಿ ಇನ್ನೂ ಐದು ತಿಂಗಳು ಬಾಕಿ, ಡಿಸೆಂಬರಿಗೆ ಮುಗಿಯುತ್ತದೆ. ಅದಕ್ಕೆ ಮೊದಲೇ ಮನೆ ಬದಲಾಯಿಸಿದರೆ ಎರಡು ಮನೆಗೂ ಬಾಡಿಗೆ. ಮನೆತನ ಬದಲಾದರೂ ನಡೆಯುವಂಥ ಕಂಪ್ಯೂಟ್ ಸೇವಿಂಗ್ಸ್ ಪ್ಲ್ಯಾನ್ ಎಂಬುದು ಇದೆ, ಅದರಲ್ಲಿ ರಿಯಾಯಿತಿ ಸ್ವಲ್ಪ ಕಡಿಮೆ. ತಲೆಮಾರು ಬದಲಾಯಿಸುವ ಯೋಚನೆ ಇರುವವರಿಗೆ ಆ ಸ್ವಲ್ಪ ಬಿಟ್ಟುಕೊಟ್ಟರೂ ನಷ್ಟವಿಲ್ಲ.

ಕರಾರಿನಲ್ಲಿ ಕಾಣದ ಇನ್ನೊಂದು ಸಂಗತಿಯೂ ಇದೆ. ಟಿ2, ಟಿ3 ಎಂಬ ಸಣ್ಣ ಯಂತ್ರಗಳು ಸ್ವಲ್ಪ ಹೊತ್ತು ಮಾತ್ರ ಜೋರಾಗಿ ಓಡಲು ಇರುವಂಥವು. ಟಿ2 ತನ್ನ ಜಮೆ ಮುಗಿದರೆ ನಿಧಾನವಾಗುತ್ತದೆ. ಟಿ3 ಹಾಗಲ್ಲ. ನೀವು ಬೇಡವೆನ್ನದಿದ್ದರೆ ಅದು ಓಡುತ್ತಲೇ ಇರುತ್ತದೆ, ಹೆಚ್ಚುವರಿ ಬಿಲ್ಲು ತಿಂಗಳ ಕೊನೆಗೆ ಬರುತ್ತದೆ. ಟಿ2 ಬಿಟ್ಟು ಟಿ3ಗೆ ಹೋಗುವವರು ಮೊದಲ ದಿನವೇ ಆ ಸೆಟ್ಟಿಂಗ್ ನೋಡಿ, ಬಿಲ್ಲಿಗೆ ಒಂದು ಮಿತಿಯ ಎಚ್ಚರಿಕೆ ಹಾಕಿಡಬೇಕು.

ಐದನೆಯದು, ಹಿಂತಿರುಗುವ ದಾರಿ ಇದೆಯೇ?

ಬದಲಾಯಿಸುವ ಮೊದಲು ಡಿಸ್ಕಿನ ಸ್ನ್ಯಾಪ್‌ಶಾಟ್ ತೆಗೆಯಬೇಕು. ಯಂತ್ರಕ್ಕೇ ಅಂಟಿದ ತಾತ್ಕಾಲಿಕ ಡಿಸ್ಕ್ ಇದ್ದರೆ ನಿಲ್ಲಿಸಿದ ಕೂಡಲೇ ಅದರಲ್ಲಿರುವುದೆಲ್ಲ ಹೋಗುತ್ತದೆ, ಅದನ್ನು ಮೊದಲೇ ಬೇರೆಡೆ ಇಡಬೇಕು. ಸ್ಥಿರ ವಿಳಾಸ ಹಿಡಿದಿರದಿದ್ದರೆ ನಿಲ್ಲಿಸಿ ಎಬ್ಬಿಸುವಾಗ ಯಂತ್ರದ ಸಾರ್ವಜನಿಕ ವಿಳಾಸವೂ ಬದಲಾಗುತ್ತದೆ. ಹೊಸ ತಲೆಮಾರು ಎಲ್ಲ ಊರಿನಲ್ಲೂ ಒಂದೇ ದಿನ ಸಿಗುವುದಿಲ್ಲ, ಆದ್ದರಿಂದ ನಮ್ಮ ವಲಯದಲ್ಲಿ ಇದೆಯೇ ಎಂದು ನೋಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹಳೆಯದನ್ನು ಕೆಲವು ದಿನ ಕೆಡವದೆ ಇಟ್ಟುಕೊಂಡಿರಬೇಕು. ಹೊಸ ಮನೆಯಲ್ಲಿ ನೀರು ಬರುತ್ತದೆಯೇ ಎಂದು ನೋಡದೆ ಹಳೆಯ ಮನೆಯ ಬೀಗದಕೈ ಯಾರು ಕೊಡುತ್ತಾರೆ ಹೇಳಿ?

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಇದೆಯಲ್ಲ, ಅದು ನಮ್ಮ ಉದ್ಯೋಗಕ್ಕಾಗಿಯೇ ಹುಟ್ಟಿದಂತಿದೆ. ಕಂಪನಿಗಳು ‘ಇಷ್ಟು ಶೇಕಡಾವರೆಗೆ ಉತ್ತಮ’ ಎನ್ನುತ್ತವೆ. ಆ ‘ವರೆಗೆ’ ಎಂಬ ಪದದಲ್ಲಿ ಬಹಳ ಜಾಗವಿದೆ. ನಾವು ನಮ್ಮದೇ ಒಂದು ದಿನದ ಕೆಲಸವನ್ನು, ರೋಗಿಗಳ ಗುರುತು ಅಳಿಸಿ, ಹಳೆಯ ಯಂತ್ರದ ಮೇಲೂ ಹೊಸ ಯಂತ್ರಗಳ ಮೇಲೂ ಓಡಿಸಿದೆವು. ಸರಾಸರಿ ನೋಡಲಿಲ್ಲ. ನೂರು ವರದಿಗಳಲ್ಲಿ 95 ಎಷ್ಟು ಹೊತ್ತಿನೊಳಗೆ ಸಿದ್ಧವಾಗುತ್ತವೆ ಎಂದು ನೋಡಿದೆವು. ಸರಾಸರಿ ಚೆನ್ನಾಗಿದ್ದೂ ಐದು ಮಂದಿ ಆಸ್ಪತ್ರೆಯ ಜಗುಲಿಯಲ್ಲಿ ಕಾಯುತ್ತಿರಬಹುದು. ಆ ಐವರ ಕಡೆಯಿಂದಲೇ ಅಳೆಯಬೇಕು.

ಕೊನೆಗೆ ಒಂದೇ ಪುಟದ ಟಿಪ್ಪಣಿ ಬರೆದೆ. ವರದಿ ತಯಾರಿಸುವ ನಾಲ್ಕು ಯಂತ್ರಗಳಿಗೆ ಪ್ರೊಸೆಸರೇ ಮುಖ್ಯ, ಆದ್ದರಿಂದ ಅವು ಆರ್ಮ್‌ಗೆ ಹೋಗಲಿ; ನಾಲ್ಕರ ಕೆಲಸಕ್ಕೆ ಮೂರು ಸಾಕು. ಒಂದು ತಿಂಗಳು ಒಂದೇ ಯಂತ್ರ, ಆಮೇಲೆ ಉಳಿದವು. ಡೇಟಾಬೇಸಿನ ಎರಡು ಯಂತ್ರಗಳು ಎಂ6ಐಗೆ ಹೋಗಲಿ; ಅಲ್ಲಿ ನಮಗೆ ಬೇಕಾದ್ದು ವೇಗವಲ್ಲ, ಭದ್ರತೆ ಮತ್ತು ಆಯುಷ್ಯ. ಹೊಸ ಯಂತ್ರಗಳಲ್ಲಿ ಮೆಮೊರಿ ಸದಾ ಗೂಢಲಿಪಿಯಲ್ಲೇ ಇರುತ್ತದೆ, ರೋಗಿಗಳ ಮಾಹಿತಿ ಇಟ್ಟುಕೊಂಡವರಿಗೆ ಅದು ಬೇಕು. ಲ್ಯಾಬಿನಿಂದ ಅಂಕಿ ಪಡೆಯುವ ಎರಡು ಸಣ್ಣ ಯಂತ್ರಗಳು ಬಿಲ್ಲಿನ ಮಿತಿಯೊಂದಿಗೆ ಟಿ3ಗೆ ಹೋಗಲಿ. ವಿಂಡೋಸ್ ಯಂತ್ರ ಇದ್ದಲ್ಲೇ ಇರಲಿ, ಆದರೆ ಮತ್ತೆ ನೋಡುವ ತಾರೀಖು ಈಗಲೇ ಬರೆದಿಡೋಣ. ಇದೆಲ್ಲ ಜನವರಿಯಲ್ಲಿ. ಕರಾರು ಮುಗಿದಿರುತ್ತದೆ, ಡೆಂಗೆಯ ಕಾಲವೂ ಮುಗಿದಿರುತ್ತದೆ.

ಯಜಮಾನರು ಟಿಪ್ಪಣಿ ಎರಡು ಸಲ ಓದಿದರು. “ಇದರಲ್ಲಿ ಬೇಡ ಅನ್ನೋದಕ್ಕೂ ಕಾರಣ ಬರೆದಿದ್ದೀರಲ್ಲ” ಎಂದರು. ಸಹಿ ಹಾಕಿದರು. ಜನವರಿಯಲ್ಲಿ ಕೆಲಸ ಮುಗಿಯಿತು, ಬಿಲ್ಲು ಇಳಿಯಿತು. ಸಾತಾರಾದ ಹುಡುಗಿಯ ಕಾಂಟ್ರ್ಯಾಕ್ಟ್ ಮುಂದುವರಿಯಿತು. ಡಿಸ್ಕಿನ ಗ್ರಾಫ್ ಕಂಡುಹಿಡಿದವಳು ಅವಳು ಎಂದು ಟಿಪ್ಪಣಿಯ ಮೊದಲ ಸಾಲಿನಲ್ಲೇ ಬರೆದಿದ್ದೆ. ಕೆಲಸ ಮಾಡಿದವರ ಹೆಸರು ಕಾಗದದ ಮೇಲೆ ಬರಬೇಕು. ನಾವು ಹೆಂಗಸರು ಇದೊಂದನ್ನು ಸಂಕೋಚವಿಲ್ಲದೆ ಮಾಡಬೇಕು.

ಹಾಗೆಂದು ಏನೂ ಬದಲಾಯಿಸದೆ ಕೂರುವುದೂ ಜಾಣತನವಲ್ಲ. ಹಳೆಯ ಮನೆಗೂ ಒಂದು ಕೊನೆಯ ದಿನ ಇರುತ್ತದೆ. ಅಜ್ಯೂರ್ ತನ್ನ ಹಳೆಯ ಹಲವು ಸರಣಿಗಳನ್ನು 2028ರಲ್ಲಿ ನಿಲ್ಲಿಸುವುದಾಗಿ ಈಗಲೇ ತಿಳಿಸಿದೆ. ಮಾಲೀಕರು ಖಾಲಿ ಮಾಡಿ ಎನ್ನುವ ಮೊದಲು ನಮ್ಮ ಸಮಯಕ್ಕೆ ನಾವೇ ಹೊರಡುವುದು ಲೇಸು. 2018ರ ಜನವರಿಯಲ್ಲಿ ಪ್ರೊಸೆಸರುಗಳ ಒಳಗೇ ಇದ್ದ ಸ್ಪೆಕ್ಟರ್, ಮೆಲ್ಟ್‌ಡೌನ್ ಎಂಬ ಬಿರುಕುಗಳು ಬಯಲಾದಾಗ, ಹಳೆಯ ಯಂತ್ರಗಳಿಗೆ ತಂತ್ರಾಂಶದ ತೇಪೆ ಹಾಕಬೇಕಾಯಿತು, ತೇಪೆಯಿಂದ ವೇಗವೂ ಇಳಿಯಿತು. ಆಮೇಲೆ ಬಂದ ಪ್ರೊಸೆಸರುಗಳಲ್ಲಿ ಅದರಲ್ಲಿ ಹಲವಕ್ಕೆ ಒಳಗೇ ಪರಿಹಾರವಿದೆ. ಹೊಸದಕ್ಕೆ ಹೋಗಲು ಇವೂ ಕಾರಣಗಳೇ.

ನಿಮ್ಮಲ್ಲಿ ಕೆಲವರು ಮಕ್ಕಳಿಗಾಗಿ ಕೆಲಸ ಬಿಟ್ಟು ಈಗ ಮತ್ತೆ ಸೇರಬೇಕೆಂದಿದ್ದೀರಿ. “ಆಂಟಿ, ನಾನು ಬಿಟ್ಟಾಗ ಇದ್ದದ್ದು ಎಂ4, ಈಗ ಎಲ್ಲೆಲ್ಲೋ ಹೋಗಿದೆ” ಎಂದು ಒಬ್ಬಳು ಮೊನ್ನೆ ಹೇಳಿದಳು. ಅಂಕೆ ಬದಲಾಗುತ್ತದಮ್ಮ, ಅದನ್ನು ಒಂದು ವಾರದಲ್ಲಿ ಓದಿಕೊಳ್ಳಬಹುದು. ನೋವು ಎಲ್ಲಿದೆ ಎಂದು ಹುಡುಕುವುದು, ಕರಾರು ಓದುವುದು, ಸಣ್ಣದಾಗಿ ಮಾಡಿ ನೋಡುವುದು, ಹಿಂತಿರುಗುವ ದಾರಿ ಇಟ್ಟುಕೊಳ್ಳುವುದು, ಇವು ನೀವು ಮನೆ ನಡೆಸಿದ ಅಷ್ಟೂ ವರ್ಷ ಮಾಡಿದ ಕೆಲಸಗಳೇ. ಅವು ಎಲ್ಲೂ ಹೋಗಿಲ್ಲ. ಸ್ವಂತ ಅಂಗಡಿ, ಟ್ಯೂಷನ್, ವೆಬ್‌ಸೈಟ್ ಇರುವವರೂ ಬಾಡಿಗೆಯ ಸರ್ವರಿನ ಬಿಲ್ಲನ್ನು ಈ ವಾರ ಒಮ್ಮೆ ತೆಗೆದು, ಯಾವ ತಲೆಮಾರು, ಯಾವ ಡಿಸ್ಕ್, ಯಾವ ಕರಾರು ಎಂದು ಮೂರು ಸಾಲು ಬರೆದಿಟ್ಟುಕೊಳ್ಳಿ. ಸಂದೇಹವಿದ್ದರೆ ಚಹಾ ಸಮಯದಲ್ಲಿ ನನ್ನನ್ನು ಹಿಡಿಯಿರಿ.